ಪಕ್ಕದ ಸೀಟಿನ ಬ್ರೇಕು

ಕ್ಲಚ್ ಮಾಸ್ತರ ಹತ್ತಿರ ಗಾಡಿ ಕಲಿತವರು ಫೇಲಾದದ್ದೇ ಇಲ್ಲ. ಹಾಗೆಂದು ಡ್ರೈವಿಂಗ್ ಸ್ಕೂಲಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದರು. ಗೋಡೆ ನೋಡದವರಿಗೆ ಅವರ ಹೆಂಡತಿ ಹೇಳುತ್ತಿದ್ದಳು. ಆಕೆ ಹೇಳಿದರೆ ಬೀದಿಯ ಆ ತುದಿಗೂ ಕೇಳಿಸುತ್ತಿತ್ತು, ಅದಕ್ಕೇ ಆಕೆಗೆ ಹಾರನ್ ಅಜ್ಜಿ ಎಂಬ ಹೆಸರು. ಮಾಸ್ತರಿಗೆ ಕ್ಲಚ್ ಎಂಬ ಹೆಸರು ಬಿದ್ದದ್ದು ಅವರ ಕಾಲಿನಿಂದ. ಊಟಕ್ಕೆ ಕೂತಾಗಲೂ, ನೆಂಟರ ಮನೆಯಲ್ಲಿ ಕೂತಾಗಲೂ ಆ ಕಾಲು ಸುಮ್ಮನಿರದು. ನೆಲವನ್ನು ಒತ್ತುತ್ತ ಬಿಡುತ್ತ ಇರುತ್ತಿತ್ತು. ನೆಂಟರು ಮೊದಮೊದಲು ನೆಲದಲ್ಲಿ ಇರುವೆ ಇದೆಯೇನೋ ಎಂದು ಬಗ್ಗಿ ನೋಡುತ್ತಿದ್ದರು. ಆಮೇಲೆ ರೂಢಿಯಾಯಿತು.

ಯಾರೂ ಫೇಲಾಗದಿದ್ದುದಕ್ಕೆ ಮಾಸ್ತರ ಬಳಿ ಒಂದು ಉಪಾಯವಿತ್ತು. ಲೈಸೆನ್ಸ್ ಆಫೀಸಿನಲ್ಲಿ ಬಾಯಿಪರೀಕ್ಷೆ ನಡೆಯುವಾಗ ಅವರು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರುವರು. ಒಳಗಿನಿಂದ ಯಾರು ಹೊರಬಂದರೂ ಕೈಗೊಂದು ಪೆಪ್ಪರಮಿಂಟು ಕೊಟ್ಟು, "ಏನು ಕೇಳಿದ್ರು?" ಎನ್ನುವರು. ಕೇಳಿದ್ದನ್ನು ತಮ್ಮ ಶಿಷ್ಯರ ಕಿವಿಗೆ ಊದುವರು. ಇದರಲ್ಲಿ ಮೋಸವಿದೆ ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಹೊಳೆ ದಾಟಿ ಬಂದವನನ್ನು ಆಳ ಎಷ್ಟಿದೆ ಎಂದು ಕೇಳುವುದು ಮೋಸವೇ? ಪರೀಕ್ಷೆ ಇರುವುದೇ ಪಾಸಾಗುವುದಕ್ಕೆ. ಇದು ಅವರ ವೇದಾಂತ.

ಅವರ ಮಗಳ ಮಗಳನ್ನು ಮಿಡತೆ ಎಂದು ಕರೆಯುತ್ತಿದ್ದರು. ಆ ಹುಡುಗಿಗೆ ನಡೆಯುವುದು ಗೊತ್ತಿರಲಿಲ್ಲ, ಹಾರುವುದೊಂದೇ ಗೊತ್ತು. ಅಳಿಯ ಸರಕಿನ ಲಾರಿ ಓಡಿಸಿಕೊಂಡು ವಾರಗಟ್ಟಲೆ ಹೊರಗೆ, ಮಗಳು ಆಸ್ಪತ್ರೆಯಲ್ಲಿ ನರ್ಸು. ಹೀಗಾಗಿ ಮಿಡತೆ ಬೆಳೆದದ್ದೆಲ್ಲ ಡ್ರೈವಿಂಗ್ ಸ್ಕೂಲಿನ ಬೆಂಚಿನ ಮೇಲೆ. ಒಮ್ಮೆ ಕಿವಿಗೆ ಬಿದ್ದದ್ದನ್ನು ಅವಳು ಬಿಡುತ್ತಿರಲಿಲ್ಲ. ರಸ್ತೆಯ ಚಿಹ್ನೆಗಳೆಲ್ಲ ಅವಳಿಗೆ ಗೊತ್ತು. ದೊಡ್ಡ ದೊಡ್ಡ ಮೀಸೆಯ ಶಿಷ್ಯರು ತಡವರಿಸುವಾಗ ಬೆಂಚಿನಿಂದಲೇ, "ಮಾವ, ಅದು ಇಳಿಜಾರು! ಇನ್ನೂ ಗೊತ್ತಾಗಲಿಲ್ವಾ?" ಎಂದು ಮಾನ ಕಳೆಯುವಳು.

ಅಂಥವಳಿಗೆ ಓದು ಮಾತ್ರ ಹತ್ತಲಿಲ್ಲ. ಮೂರನೇ ಕ್ಲಾಸಿಗೆ ಬಂದರೂ ಪುಸ್ತಕ ತೆರೆದರೆ ಬಾಯಿಗೆ ಬೀಗ ಬೀಳುತ್ತಿತ್ತು.

"ತಾತ, ಪ, ವ, ಷ ಎಲ್ಲಾ ಒಂದೇ ಮನೆ ಅಣ್ಣತಮ್ಮಂದಿರ ಥರ ಕಾಣ್ತಾರೆ. ಯಾರು ದೊಡ್ಡೋನು ಯಾರು ಚಿಕ್ಕೋನು ಅಂತ ನೋಡ್ತಿರೋ ಹೊತ್ತಿಗೆ ಟೀಚರ್ ಪಕ್ಕದೋಳನ್ನ ಎಬ್ಬಿಸಿಬಿಡ್ತಾರೆ" ಎನ್ನುತ್ತಿದ್ದಳು.

ಮೊದಲೆರಡು ಕ್ಲಾಸನ್ನು ಕಿವಿಯ ಬಲದಿಂದಲೇ ದಾಟಿದಳು. ಬೇರೆ ಮಕ್ಕಳು ಓದಿದ್ದನ್ನು ಕೇಳಿಸಿಕೊಂಡು, ಸರಿಯಾದ ಹೊತ್ತಿಗೆ ಹಾಳೆ ತಿರುವುತ್ತ ಗಡಗಡ ಒಪ್ಪಿಸಿಬಿಡುವಳು. ಒಂದು ದಿನ ಟೀಚರು ಇನ್ನೂ ಮಾಡದ ಪಾಠ ತೆರೆದು ಓದು ಎಂದರು. ಆವತ್ತು ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಲ್ಲಿಂದ ಶುರುವಾದದ್ದು ಹೊಟ್ಟೆನೋವು. ಶಾಲೆಯ ಚೀಲ ಮುಟ್ಟಿದರೆ ಹೊಟ್ಟೆನೋವು, ರಜೆ ಎಂದರೆ ಮಾಯ. ಮದ್ದಿಗೆ ಬಗ್ಗುವ ಹೊಟ್ಟೆನೋವು ಅದಲ್ಲವೆಂದು ನರ್ಸಮ್ಮನಿಗೆ ಗೊತ್ತಾಗದೆ ಇದ್ದೀತೇ?

ಅದೇ ಶಾಲೆಯಲ್ಲಿ ಹಳದಿ ಬಾಗಿಲಿನ ಒಂದು ಕೋಣೆ ಇತ್ತು. ಓದಲು, ಬರೆಯಲು, ಲೆಕ್ಕ ಮಾಡಲು ತೊಡಕಿರುವ ಮಕ್ಕಳನ್ನು ದಿನಕ್ಕೊಂದಿಷ್ಟು ಹೊತ್ತು ಅಲ್ಲಿ ಕೂರಿಸಿಕೊಂಡು ಒಬ್ಬ ಟೀಚರು ಬೇರೆ ರೀತಿಯಲ್ಲಿ ಕಲಿಸುತ್ತಿದ್ದರು. ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದುದರಿಂದ ಅವರಿಗೆ ಮರಳು ಟೀಚರ್ ಎಂದು ಹೆಸರಾಗಿತ್ತು. ಮಿಡತೆ ಆ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದಳು.

"ಅಲ್ಲಿ ಯಾರೂ ನಗಲ್ಲ ತಾತ. ನಿಧಾನಕ್ಕೆ ಓದಿದ್ರೂ ಕಾಯ್ತಾರೆ."

ಆದರೆ ಆ ಕೋಣೆಗೆ ಬೇಕೆಂದವರೆಲ್ಲ ಹೋಗುವಂತಿಲ್ಲ. ವರ್ಷಕ್ಕೊಮ್ಮೆ ಶಿಕ್ಷಣ ಇಲಾಖೆಯಿಂದ ಒಬ್ಬ ಮೇಡಂ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಓದಿಸಿ, ಮಾತಾಡಿಸಿ ನೋಡುವರು. ಈ ಮಗುವಿಗೆ ಸಹಾಯ ಬೇಕು ಎಂದು ಅವರು ಬರೆದರೆ ಮಾತ್ರ ಹಳದಿ ಬಾಗಿಲು ತೆರೆಯುವುದು. ತಪ್ಪಿದರೆ ಇನ್ನೊಂದು ವರ್ಷ ಹೊಟ್ಟೆನೋವು.

ಮಗಳು ಓಡಾಡಿ, ಕ್ಲಾಸ್ ಟೀಚರಿಗೆ ಹೇಳಿ, ಮಿಡತೆಯ ಸರದಿ ಬರುವಂತೆ ಮಾಡಿದಳು. ಆದರೆ ಆ ದಿನವೇ ಅವಳಿಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ.

"ಅಪ್ಪಾ, ನೀನು ಸುಮ್ನೆ ಕರ್ಕೊಂಡು ಹೋಗು, ಸುಮ್ನೆ ಕರ್ಕೊಂಡು ಬಾ. ನಡುವೆ ಏನೂ ಮಾಡ್ಬೇಡ."

"ನಾನೇನು ಮಾಡ್ತೀನಮ್ಮಾ, ಬೆಂಚಿನ ಮೇಲೆ ಕೂತಿರ್ತೀನಿ" ಎಂದರು ಮಾಸ್ತರು.

ಮಾಸ್ತರನ್ನು ಬೆಂಚಿನ ಮೇಲೆ ಕೂರಿಸುವುದೂ ಒಂದೇ, ಬೆಕ್ಕನ್ನು ಹಾಲಿಗೆ ಕಾವಲಿಡುವುದೂ ಒಂದೇ. ಮಗಳು ಅದನ್ನು ಯೋಚಿಸಬೇಕಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಆ ಇಲಾಖೆಯ ಮೇಡಂ ಮಾಸ್ತರ ಬಳಿಯೇ ಗಾಡಿ ಕಲಿಯುತ್ತಿದ್ದರು. ಹಾಗೂ ಗೋಡೆಯ ಮೇಲಿನ ಕೆಂಪು ಅಕ್ಷರಕ್ಕೆ ಮಸಿ ಬಳಿದವರೂ ಅವರೇ. ಒಮ್ಮೆಯಲ್ಲ, ಎರಡು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿದ್ದರು. ಮಾಸ್ತರ ಪಕ್ಕದಲ್ಲಿ ಕೂತು ಓಡಿಸುವಾಗ ಹೂವು ಎತ್ತಿಟ್ಟ ಹಾಗೆ ನಿಲ್ಲುವ ಗಾಡಿ, ಪರೀಕ್ಷೆಯ ಮೈದಾನದಲ್ಲಿ ಗೆರೆ ದಾಟಿ, ಒಂದು ಸಲ ಇನ್‌ಸ್ಪೆಕ್ಟರರ ಕುರ್ಚಿಯ ಬುಡಕ್ಕೇ ಹೋಗಿ ನಿಂತಿತ್ತು. ಮೊದಲಿದ್ದ ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಕೂತು ಮಾಸ್ತರನ್ನು ಪಕ್ಕದಲ್ಲೇ ಕೂರಲು ಬಿಡುತ್ತಿದ್ದರು. ಹೊಸಬರು, "ನೀವು ಇಳೀರಿ ಮಾಸ್ತರೇ" ಎಂದುಬಿಟ್ಟರು. ಅಂದಿನಿಂದ ಹಾರನ್ ಅಜ್ಜಿ ಆ ಗೋಡೆ ನೋಡಿದಾಗಲೆಲ್ಲ, "ಸುಣ್ಣ ತರಿಸ್ಲಾ?" ಎಂದು ಗಂಡನನ್ನು ಕೆಣಕುತ್ತಿದ್ದಳು.

ಮೇಡಂ ಪರಿಚಯದವರೆಂದು ಮಾಸ್ತರು ಅವರ ಬಳಿ ಮೊಮ್ಮಗಳ ಮಾತನ್ನೇ ಎತ್ತಲಿಲ್ಲ. ಅದು ತಪ್ಪು, ಶಿಫಾರಸು ಎಂದರೆ ತಮಗಾಗದು. ಹೀಗೆ ತಮ್ಮ ಪ್ರಾಮಾಣಿಕತೆಗೆ ತಾವೇ ಬೆನ್ನು ತಟ್ಟಿಕೊಂಡು, ಜೇಬು ತುಂಬ ಪೆಪ್ಪರಮಿಂಟು ಹಾಕಿಕೊಂಡು, ಮಿಡತೆಯ ಕೈ ಹಿಡಿದು ಶಾಲೆಗೆ ಹೊರಟರು.

ಶಾಲೆಯ ಪಡಸಾಲೆಯಲ್ಲಿ ಬೆಂಚು. ಬೆಂಚಿನೆದುರು ಮುಚ್ಚಿದ ಬಾಗಿಲು. ಬಾಗಿಲೊಳಗೆ ಪರೀಕ್ಷೆ. ಮಾಸ್ತರ ಎದೆಯಲ್ಲಿ ಹಳೆಯ ಹುರುಪು ಉಕ್ಕಿತು. ಕಾಲು ತಾನಾಗಿಯೇ ನೆಲವನ್ನು ಒತ್ತತೊಡಗಿತು. ಬಾಗಿಲು ತೆರೆದು ಒಬ್ಬ ಗುಂಡು ಹುಡುಗ ಹೊರಬಂದ.

"ಬಾಪ್ಪಾ ರಾಜ, ಪೆಪ್ಪರಮಿಂಟು ತಗೋ. ಏನು ಕೇಳಿದ್ರು?"

"ಒಂದು ಕಾರ್ಡು ಕೊಟ್ಟು ಓದು ಅಂದ್ರು."

"ನೀನು ಓದಿದ್ಯಾ?"

"ಓದು ಬರುತ್ತೆ ನಂಗೆ. ಲೆಕ್ಕ ಬರಲ್ಲ. ಲೆಕ್ಕಕ್ಕೇ ಕಳ್ಸಿದಾರೆ. ಕಾರ್ಡಲ್ಲಿ ಒಂದು ಮೇಕೆ ಕಥೆ. ಮೇಕೆ ಕೊರಳಿನ ಗಂಟೆ ಕಳ್ದುಹೋಗಿರುತ್ತೆ..."

ಹುಡುಗ ಅರ್ಧ ಹೇಳಿದ. ಅವನ ನಂತರ ಬಂದ ಕನ್ನಡಕದ ಹುಡುಗಿ ಬಿಟ್ಟುಹೋದ ಸಾಲು ಸೇರಿಸಿದಳು. ಅವಳ ನಂತರ ಬಂದವನು, "ಮೇಕೆ ಅಲ್ಲ 'ಬಿಳಿ ಮೇಕೆ', ಆಮೇಲೆ 'ಅಯ್ಯೋ ನನ್ನ ಗಂಟೆ' ಅಂತ ಕೂಗುತ್ತೆ" ಎಂದು ತಿದ್ದಿದ. ಮಾಸ್ತರು ಚಿಂದಿ ಜೋಡಿಸಿ ಅಂಗಿ ಹೊಲಿದ ಹಾಗೆ ಪೂರ್ತಿ ಕಥೆ ಹೊಲಿದು ಮಿಡತೆಯ ಕಿವಿಗೆ ಹಾಕಿದರು. ಅವಳು ಕಣ್ಣು ಮುಚ್ಚಿ ಕೇಳಿದಳು, ತುಟಿ ಕುಣಿಸಿದಳು, ಮುಗಿಯಿತು.

"ಬೆರಳು ಇಟ್ಕೊಂಡು ಓದು, ಕಂದ. ಬೆರಳು ಸಾಲಿನ ಮೇಲೆ ಹೋಗ್ತಿರ್ಲಿ" ಎಂದರು ತಾತ, ಕೊನೆಯ ಮಂತ್ರವಾಗಿ.

ಸ್ವಲ್ಪ ಹೊತ್ತಿಗೆಲ್ಲ ಬಾಗಿಲೊಳಗಿನಿಂದ ಮಿಡತೆಯ ದನಿ ಕೇಳಿಸಿತು. ಹೊಳೆ ಹರಿದ ಹಾಗೆ, ಎಲ್ಲೂ ತಡೆಯಿಲ್ಲ. "ಅಯ್ಯೋ, ನನ್ನ ಗಂಟೆ!" ಎನ್ನುವಾಗ ಅವಳು ಗೋಳಿಟ್ಟ ರೀತಿಗೆ ಬೆಂಚಿನ ಮೇಲಿದ್ದ ಒಬ್ಬ ತಾಯಿ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದ ಪ್ರಶ್ನೆಗೂ, ಚಿತ್ರ ಜೋಡಿಸುವುದಕ್ಕೂ ಮಿಡತೆ ಚುರುಕೇ. ಹಾರುತ್ತ ಹೊರಬಂದಳು. ಮಾಸ್ತರು ಉಳಿದ ಪೆಪ್ಪರಮಿಂಟನ್ನೆಲ್ಲ ಪಡಸಾಲೆಯಲ್ಲಿ ಹಂಚಿಬಿಟ್ಟರು. ಮನೆಯಲ್ಲಿ ಹಾರನ್ ಅಜ್ಜಿ ಸುದ್ದಿ ಕೇಳಿ ಬಾಗಿಲಿಗೆ ಬಂದು ನಿಂತಳು. ಅವಳು ಬಾಗಿಲಿಗೆ ಬಂದಳೆಂದರೆ ಬೀದಿಗೆಲ್ಲ ತಿಳಿಯಿತೆಂದೇ ಅರ್ಥ.

ಸಂಜೆ ಮಗಳು ಬಂದಳು. ಬರುವ ದಾರಿಯಲ್ಲಿ ಕ್ಲಾಸ್ ಟೀಚರನ್ನು ಕಂಡು ಬಂದಿದ್ದಳು. ಬಾಗಿಲಲ್ಲೇ ನಿಂತು, "ಅಪ್ಪಾ, ಏನು ಮಾಡಿದೆ?" ಎಂದಳು.

"ಪಾಸು!" ಎಂದರು ಮಾಸ್ತರು, ಎರಡೂ ಕೈ ಎತ್ತಿ.

"ಪಾಸು! ಓದು ಕ್ಲಾಸಿಗೆ ತಕ್ಕ ಹಾಗಿದೆ, ಯಾವ ಸಹಾಯವೂ ಬೇಕಾಗಿಲ್ಲ ಅಂತ ಬರ್ದಿದಾರೆ. ಹಳದಿ ಬಾಗಿಲು ಇಲ್ಲ. ಮರಳು ಟೀಚರ್ ಇಲ್ಲ. ಓದು ಬರಲ್ಲ ಅಂತ ತೋರಿಸೋಕೆ ಕಳ್ಸಿದ್ರೆ ಓದಿಸಿ ಕರ್ಕೊಂಡು ಬಂದಿದೀಯಲ್ಲಪ್ಪಾ! ಕಾಲು ಮುರಿದೋಳನ್ನ ಡಾಕ್ಟ್ರ ಹತ್ರ ಕಳಿಸಿದ್ರೆ ಹೆಗಲ ಮೇಲೆ ಹೊತ್ಕೊಂಡು ಹೋಗಿ 'ನೋಡಿ ಹೇಗೆ ನಡೀತಾಳೆ' ಅಂದ ಹಾಗಾಯ್ತು."

ಮಾಸ್ತರ ಕೈ ಎತ್ತಿದ್ದು ಎತ್ತಿದ ಹಾಗೇ ಉಳಿಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಮಿಡತೆ ಒಬ್ಬೊಬ್ಬರ ಮುಖ ನೋಡಿ, "ಹಾಗಾದ್ರೆ ನಾನು ಪಾಸಾಗಿ ಫೇಲಾದ್ನಾ?" ಎಂದು ಕೇಳಿದಳು. ಮತ್ತೆ ಮೂಲೆಯಲ್ಲಿದ್ದ ಶಾಲೆಯ ಚೀಲ ನೋಡಿ, "ಹೊಟ್ಟೆ ನೋಯ್ತಿದೆ" ಎಂದಳು.

ಆ ಮಾತು ಮಾಸ್ತರಿಗೆ ಬಾಣದ ಹಾಗೆ ನಾಟಿತು. ಊಟಕ್ಕೆ ಕೂತಾಗ ಅವರ ಕಾಲು ಮೊದಲ ಸಲ ಅಲುಗಾಡದೆ ಕೂತಿತ್ತು. ಹಾರನ್ ಅಜ್ಜಿ ಅದನ್ನು ನೋಡಿ ಗಾಬರಿಯಾದಳು.

ಬೆಳಿಗ್ಗೆ ಮೇಡಂ ಎಂದಿನಂತೆ ಗಾಡಿ ಕಲಿಯಲು ಬಂದರು. ಡ್ರೈವಿಂಗ್ ಸ್ಕೂಲಿನ ಗಾಡಿಯೆಂದರೆ ಬಿಳಿ ಬಣ್ಣದ ಹಳೆಯ ಕಾರು, ನೆತ್ತಿಯ ಮೇಲೆ ಬೋರ್ಡು. ಕಲಿಯುವವರ ಕಾಲ ಬಳಿ ಇರುವ ಹಾಗೆ ಕಲಿಸುವವರು ಕೂರುವ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ಮೇಡಂ ಸ್ಟೇರಿಂಗನ್ನು ಮುಳುಗುವವರು ಹಗ್ಗ ಹಿಡಿದ ಹಾಗೆ ಹಿಡಿದುಕೊಂಡು ಹೊರಟರು. ಗಾಡಿ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಹೊರಳಿತು.

"ಮೇಡಂ, ಒಂದು ಮಾತು."

"ಈಗ್ಬೇಡಿ ಮಾಸ್ತರೇ, ಮುಂದೆ ಸೈಕಲ್ಲು!"

"ಸೈಕಲ್ಲು ಹೋಗುತ್ತೆ ಬಿಡಿ. ನಿನ್ನೆ ಒಂದು ಮಗು ಮೇಕೆ ಕಥೆ ಓದ್ತಲ್ಲ..."

"ಮಕ್ಕಳ ವಿಷಯ ನಾನು ಹೊರಗೆ ಮಾತಾಡೋ ಹಾಗಿಲ್ಲ ಮಾಸ್ತರೇ. ಅಯ್ಯೋ, ಗೇರು, ಗೇರು!"

"ಎರಡನೇದಕ್ಕೆ ಹಾಕಿ. ನೀವು ಮಾತಾಡ್ಬೇಡಿ, ನಾನು ಮಾತಾಡ್ತೀನಿ. ಆ ಮಗು ನನ್ನ ಮೊಮ್ಮಗಳು. ಅವಳಿಗೆ ಓದೋಕೆ ಬರಲ್ಲ. ದಯವಿಟ್ಟು ಅವಳನ್ನ ಫೇಲ್ ಮಾಡಿಕೊಡಿ."

ಮೇಡಂ ರಸ್ತೆ ಬಿಟ್ಟು ಮಾಸ್ತರ ಮುಖ ನೋಡಿದರು. ಗಾಡಿ ಹಾಲಿನ ಅಂಗಡಿಯ ಮೆಟ್ಟಿಲ ಕಡೆಗೆ ಹೊರಟಿತು. ಅಂಗಡಿಯವನು ಹಾಲಿನ ಕ್ರೇಟು ಎದೆಗವಚಿಕೊಂಡು ಹಾರಿದ. ಗಾಡಿ ಮೆಟ್ಟಿಲ ಮುಂದೆ ಹೂವಿನಷ್ಟು ಮೆತ್ತಗೆ ನಿಂತಿತು.

"ನೋಡಿ, ಎಷ್ಟು ಚಂದ ಬ್ರೇಕ್ ಹಾಕಿದ್ರಿ" ಎಂದರು ಮಾಸ್ತರು, ಅಭ್ಯಾಸಬಲದಿಂದ.

ಮೇಡಂ ಕೆಳಗೆ ನೋಡಿಕೊಂಡರು. ಅವರ ಎರಡೂ ಕಾಲು ಸೀಟಿನ ಮೇಲೆ, ಚಕ್ಕಳಮಕ್ಕಳ ಹಾಕುವವರ ಹಾಗೆ ಮೇಲಕ್ಕೆ ಬಂದಿದ್ದವು. ಹೆದರಿ ಎತ್ತಿಕೊಂಡಿದ್ದರು.

"ನಾನು ಬ್ರೇಕ್ ಹಾಕಲೇ ಇಲ್ಲ ಮಾಸ್ತರೇ."

ಇಬ್ಬರೂ ಪಕ್ಕದ ಸೀಟಿನ ಕೆಳಗೆ ನೋಡಿದರು. ಮಾಸ್ತರ ಕಾಲು ಬ್ರೇಕನ್ನು ಒತ್ತಿ ಹಿಡಿದುಕೊಂಡು, ಕುಂಬಳಕಾಯಿ ಕಳ್ಳನ ಹಾಗೆ ಕೂತಿತ್ತು.

"ಇಷ್ಟು ದಿನವೂ ನೀವೇನಾ?"

"ಸ್ವಲ್ಪ... ಸ್ವಲ್ಪ. ನೀವು ಹೆದರಬಾರ್ದು ಅಂತ. ಕಾಣಿಸದ ಹಾಗೆ ಒತ್ತಿದ್ರೆ ಕಲಿಯೋರಿಗೆ ಧೈರ್ಯ ಬರುತ್ತೆ."

"ಧೈರ್ಯ ಬರುತ್ತೆ, ಬ್ರೇಕ್ ಬರಲ್ಲ! ನೀವು ಇಳಿದ ತಕ್ಷಣ ನಾನು ಇನ್‌ಸ್ಪೆಕ್ಟರ್ ಮೇಲೆ ಹೋಗ್ತಿದ್ದೆ! ನಂಗೆ ಬರಲ್ಲ ಅಂತ ನಂಗೇ ಗೊತ್ತಿರ್ಲಿಲ್ಲವಲ್ಲ ಮಾಸ್ತರೇ!"

ಹೇಳುತ್ತ ಹೇಳುತ್ತ ಮೇಡಂಗೆ ನಗು ಬಂತು. ಅವರು ನಗುತ್ತಲೇ ಇದ್ದರು, ಮಾಸ್ತರು ಮಾತ್ರ ನಗಲಿಲ್ಲ. ತಮ್ಮ ಕಾಲನ್ನು ಬೇರೆ ಯಾರದೋ ಕಾಲಿನ ಹಾಗೆ ನೋಡುತ್ತ ಕೂತರು.

"ಮಿಡತೆಗೂ ನಾನು ಇದನ್ನೇ ಮಾಡಿದೆ" ಎಂದರು ಕೊನೆಗೆ. "ಬೆಂಚಿನ ಮೇಲೆ ಕೂತು ಬ್ರೇಕ್ ಒತ್ತಿದೆ." ಬೆಂಚು, ಗುಂಡು ಹುಡುಗ, ಪೆಪ್ಪರಮಿಂಟು, ಎಲ್ಲವನ್ನೂ ಹೇಳಿದರು.

ಮೇಡಂ ನಗು ನಿಲ್ಲಿಸಿದರು. "ನಂದೂ ತಪ್ಪಿದೆ. ಎಲ್ಲಾ ಮಕ್ಕಳಿಗೂ ಒಂದೇ ಕಾರ್ಡು ಕೊಟ್ಟೆ. ಅವಳ ಬೆರಳು ಸಾಲು ಮುಗಿಸಿ ಕೆಳಗಿಳಿದ ಮೇಲೂ ಬಾಯಿ ಮೇಲಿನ ಸಾಲಲ್ಲೇ ಇತ್ತು. ನೋಡಿದೆ, ಚುರುಕು ಹುಡುಗಿ ಅಂದ್ಕೊಂಡೆ." ಸ್ಟೇರಿಂಗಿನಿಂದ ಕೈ ತೆಗೆದು, "ಆದ್ರೆ ನೀವು ಹೇಳಿದ್ರಿ ಅಂತ ನಾನು ಬರೆಯೋಕಾಗಲ್ಲ. ನಾನೇ ಕಣ್ಣಾರೆ ನೋಡ್ಬೇಕು. ತಾಯಿ ಬಂದು ಕೇಳಿದ್ರೆ ಇನ್ನೊಂದು ಸಲ ಕೂರಿಸ್ತೀನಿ. ನೀವು ಮಾತ್ರ ಬೆಂಚಿನ ಹತ್ರ ಸುಳೀಬಾರ್ದು. ಗಾಡೀಲೇ ಕೂತಿರ್ಬೇಕು" ಎಂದರು.

"ಕೂತಿರ್ತೀನಿ."

"ಕಾಲು?"

"ಅದೂ ಕೂತಿರುತ್ತೆ."

ಮನೆಯಲ್ಲಿ ಈಗ ತಿರುಗುಮುರುಗು ಪಾಠ ಶುರುವಾಯಿತು. ಹಾರನ್ ಅಜ್ಜಿ ಮೊಮ್ಮಗಳನ್ನು ಕೂರಿಸಿಕೊಂಡು, "ನೋಡು, ಅವರು ಏನು ಕೇಳಿದ್ರೂ 'ಗೊತ್ತಿಲ್ಲ' ಅನ್ನು" ಎಂದಳು.

"ಹೆಸರೇನು ಅಂತ ಕೇಳಿದ್ರೆ?"

"ಅದಕ್ಕೂ ಗೊತ್ತಿಲ್ಲ ಅನ್ನು."

"ಅಜ್ಜಿ ಹೆಸರು?"

"ಅದನ್ನ ಜೋರಾಗಿ ಹೇಳು."

ಮಗಳು ಬಂದು ಇಬ್ಬರಿಗೂ ಗದರಿದಳು. "ಅಮ್ಮಾ, ನೀನೂ ಶುರು ಮಾಡಿದ್ಯಾ? ಪಾಸಾಗೋದೂ ಬೇಡ, ಫೇಲಾಗೋದೂ ಬೇಡ. ಪುಟ್ಟಾ, ನಿಂಗೆ ಬರೋದು ಬರುತ್ತೆ ಅನ್ನು, ಬರದೇ ಇರೋದು ಬರಲ್ಲ ಅನ್ನು. ಅಷ್ಟೆ." ಮಿಡತೆ ತಲೆಯಾಡಿಸಿದಳು. ಅವಳು ತಲೆಯಾಡಿಸುವ ಪರಿ ಗೊತ್ತಿದ್ದವರಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಮರುಪರೀಕ್ಷೆ ಮೇಡಂ ಮುಂದೆ ಹೋಗಿದ್ದ ಇನ್ನೊಂದು ಶಾಲೆಯಲ್ಲಿ. ಮಗಳು ಈ ಸಲ ರಜೆ ಹಾಕಿ ತಾನೇ ಕರೆದುಕೊಂಡು ಹೋದಳು. ಮಾಸ್ತರು ಮರದ ನೆರಳಲ್ಲಿ ಗಾಡಿ ನಿಲ್ಲಿಸಿಕೊಂಡು, ಅಭ್ಯಾಸದಂತೆ ಪಕ್ಕದ ಸೀಟಿಗೆ ಸರಿದು ಕೂತರು. ಹಿಂದಿನ ಸೀಟಿನಲ್ಲಿ ಹಾರನ್ ಅಜ್ಜಿ. ಎದುರಿಗೇ ಪಡಸಾಲೆ, ಬೆಂಚು, ತೆರೆದ ಕಿಟಕಿ, ಎಲ್ಲವೂ ಕಾಣುತ್ತಿತ್ತು. ಕಾಣದಿದ್ದರೇ ಚೆನ್ನಾಗಿತ್ತು.

ಮೇಡಂ ಮೊದಲು ತಾಯಿಯನ್ನು ಮಾತಾಡಿಸಲು ಒಳಗೆ ಕರೆದರು. ಬೆಂಚಿನ ಮೇಲೆ ಮಿಡತೆ ಒಬ್ಬಳೇ ಉಳಿದಳು. ಆಗಷ್ಟೇ ಪರೀಕ್ಷೆ ಮುಗಿಸಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಬಂದು ಅವಳ ಪಕ್ಕ ಕೂತಳು. ಮಿಡತೆ ಜೇಬಿಗೆ ಕೈ ಹಾಕಿದಳು. ಜೇಬಿನಿಂದ ಏನೋ ತೆಗೆದು ಕೊಟ್ಟಳು.

ಮಾಸ್ತರು ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಖಾಲಿ.

"ಅಯ್ಯೋ, ಪೆಪ್ಪರಮಿಂಟು!" ಎಂದರು.

ಎರಡು ಜಡೆಯ ಹುಡುಗಿ ಬಾಯಲ್ಲಿ ಪೆಪ್ಪರಮಿಂಟು ಹೊರಳಿಸುತ್ತ ಏನೋ ಹೇಳುತ್ತಿದ್ದಳು. ಮಿಡತೆ ಕಣ್ಣು ಮುಚ್ಚಿ ತುಟಿ ಕುಣಿಸುತ್ತಿದ್ದಳು.

"ಕೇಳ್ಕೊತಿದಾಳೆ ಕಣೇ! ಕಾರ್ಡಲ್ಲಿ ಏನಿದೆ ಅಂತ ಕೇಳ್ಕೊತಿದಾಳೆ! ಮತ್ತೆ ಪಾಸಾಗ್ತಾಳೆ!"

"ಕೂಗ್ಲಾ?" ಎಂದಳು ಹಾರನ್ ಅಜ್ಜಿ, ಉಸಿರು ತುಂಬಿಕೊಂಡು.

"ಬೇಡ! ನೀನು ಕೂಗಿದ್ರೆ ಶಾಲೆ ಬಿಟ್ಟಿತು ಅಂತ ಮಕ್ಕಳೆಲ್ಲ ಮನೆಗೆ ಹೋಗ್ತಾರೆ."

"ಹಾಗಾದ್ರೆ ನೀವೇ ಹೋಗಿ."

"ಇಳಿಯಲ್ಲ ಅಂತ ಮಾತು ಕೊಟ್ಟಿದೀನಿ."

"ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ನೆ ಹೇಳಿಲ್ಲ ದೊಡ್ಡೋರು. ಮಗು ಹುಟ್ಟಿದಾಗಿಂದ ನಿಮ್ಮ ಬೆಂಚಲ್ಲೇ ಬೆಳೀತಲ್ಲ, ಇನ್ನೇನು ಕಲೀಬೇಕಿತ್ತು?"

ಅಷ್ಟರಲ್ಲಿ ತಾಯಿ ಹೊರಬಂದಳು, ಮಿಡತೆ ಒಳಗೆ ಹಾರಿದಳು. ಕಿಟಕಿಯಿಂದ ದನಿ ಬಂತು:

"ಒಂದು ಊರಿನಲ್ಲಿ ಒಬ್ಬ ಅಂಬಿಗನಿದ್ದ. ಅವನ ದೋಣಿಗೆ ಒಂದು ಸಣ್ಣ ತೂತು ಬಿತ್ತು..."

ಹೊಳೆ ಹರಿದ ಹಾಗೆ. ಎಲ್ಲೂ ತಡೆಯಿಲ್ಲ. ಅಂಬಿಗ ತೂತಿಗೆ ತನ್ನ ಟೋಪಿ ತುರುಕಿದ, ಟೋಪಿ ಸಾಲದೆ ಅಂಗಿ ತುರುಕಿದ. ಮಿಡತೆ ಅಂಬಿಗನ ದನಿಯಲ್ಲಿ ಗೊಣಗಿದಳು, ನೀರಿನ ದನಿಯಲ್ಲಿ ಗುಳುಗುಳು ಎಂದಳು. ನಿಂತ ಗಾಡಿಯಲ್ಲಿ ಮಾಸ್ತರು ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದರು. ಗಾಡಿ ನಿಂತೇ ಇತ್ತು, ನಿಲ್ಲಬೇಕಾದದ್ದು ನಿಲ್ಲುತ್ತಿರಲಿಲ್ಲ.

"ಹೋಯ್ತು. ಇನ್ನೊಂದು ವರ್ಷ ಹೋಯ್ತು" ಎಂದು ತಲೆ ಬಗ್ಗಿಸಿದರು.

ಓದು ಮುಗಿಯಿತು. ಆಮೇಲೆ ಮೇಡಂ ದನಿ, ತುಂಬ ಮೆತ್ತಗೆ: "ಕಥೆ ತುಂಬಾ ಚೆನ್ನಾಗಿದೆ ಪುಟ್ಟಾ. ಆದ್ರೆ ಈ ಕಾರ್ಡಲ್ಲಿ ಇರೋದು ಕೋಳಿ ಕಥೆ."

ಮಿಡತೆ ಕಾರ್ಡನ್ನು ತಿರುವಿ ಹಿಂದೆ ಮುಂದೆ ನೋಡಿರಬೇಕು.

"ಹಾಗಾದ್ರೆ ದೋಣಿ ಎಲ್ಲಿ ಹೋಯ್ತು?" ಎಂದಳು.

ಮೇಡಂ ನಕ್ಕರು. ಗಾಡಿಯಲ್ಲಿ ನಕ್ಕಿದ್ದರಲ್ಲ, ಅದೇ ನಗು, ಬಿದ್ದು ಬಿದ್ದು. ಆದರೆ ಅವರ ನಗುವಿನೊಳಗೇ ಇನ್ನೊಂದು ನಗು ಕೇಳಿಸಿತು. ಅದು ಮಿಡತೆಯದು. ಓದಲಾಗದ್ದಕ್ಕೆ ಎದುರಿಗಿದ್ದವರು ನಕ್ಕಾಗ ಅವಳೂ ನಕ್ಕದ್ದು ಅದೇ ಮೊದಲು.

"ಹೊರಗಿನ ಹುಡುಗಿ ಹೇಳಿದ್ಲಾ?"

"ಹೂಂ. ಅಮ್ಮ 'ಬರೋದು ಬರುತ್ತೆ ಅನ್ನು' ಅಂದಿದ್ರು. ದೋಣಿ ಬರುತ್ತೆ ನಂಗೆ. ಕೋಳಿ ಬರಲ್ಲ."

"ಕೋಳೀನೇ ಒಂಚೂರು ನೋಡೋಣ. ಎಷ್ಟು ಬರುತ್ತೋ ಅಷ್ಟೇ. ನಂಗೇನೂ ಅವಸರ ಇಲ್ಲ."

ಆಮೇಲೆ ಬಹಳ ಹೊತ್ತು ಕಿಟಕಿಯಿಂದ ಒಂದೊಂದೇ ಅಕ್ಷರ, ಬಿಟ್ಟು ಬಿಟ್ಟು, ಎಡವಿ ಎದ್ದು, ಹೊರಗೆ ಬಂತು. ಮಾಸ್ತರಿಗೆ ಅದನ್ನು ಕೇಳಲಾಗುತ್ತಿರಲಿಲ್ಲ. ನಾಲಿಗೆಯ ತುದಿಗೆ ಕೋಳಿ, ಮೊಟ್ಟೆ, ಕಾಳು ಎಲ್ಲ ಬಂದು ಕೂತಿದ್ದವು. ಹಾರನ್ ಅಜ್ಜಿ ಹಿಂದಿನಿಂದ ಕೈ ಚಾಚಿ ಗಂಡನ ಬಾಯಿ ಮುಚ್ಚಿದಳು. ಆಮೇಲೆ ಇನ್ನೊಂದು ಕೈಯಿಂದ ತನ್ನ ಬಾಯಿಯನ್ನೂ ಮುಚ್ಚಿಕೊಂಡಳು. ಇಬ್ಬರೂ ಹಾಗೇ ಕೂತಿದ್ದರು.

ಕೊನೆಗೆ ಮೇಡಂ ಹೊರಬಂದು ಗಾಡಿಯ ಬಳಿಗೇ ಬಂದರು, ಮಗಳೂ ಮಿಡತೆಯೂ ಹಿಂದೆ.

"ಇವಳ ಕಿವಿ ಇವಳ ಕಣ್ಣಿಗಿಂತ ಎಷ್ಟೋ ಮುಂದೆ ಇದೆ" ಎಂದರು ಮೇಡಂ, ಮಗಳ ಕಡೆ ತಿರುಗಿ. "ಬುದ್ಧಿಗೇನೂ ಕಮ್ಮಿ ಇಲ್ಲ, ಜಾಸ್ತಿನೇ ಇದೆ. ಆದ್ರೆ ಓದು ಮೊದಲಿಂದ ಶುರು ಆಗ್ಬೇಕು, ಬೇರೆ ದಾರೀಲಿ. ಸಹಾಯ ಬೇಕು ಅಂತ ಬರೀತೀನಿ. ಮರಳು ಟೀಚರಿಗೆ ಹೇಳಿ, ಸೋಮವಾರದಿಂದ ಕಾಯ್ತಿರ್ತಾರೆ."

ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮಿಡತೆ ಗಾಡಿಯ ಸುತ್ತ ಹಾರಿದಳು. ಹಾರನ್ ಅಜ್ಜಿ ಬಾಯಿಂದ ಕೈ ತೆಗೆದಳು. ಆ ಶಾಲೆಯ ಮಕ್ಕಳು ನಿಜಕ್ಕೂ ಕಿಟಕಿಗೆ ಬಂದು ನಿಂತರು.

ಸಂಜೆ ಬೀದಿಗೆಲ್ಲ ಸಿಹಿ ಹಂಚಿದರು. ಮಾಸ್ತರೇ ತಟ್ಟೆ ಹಿಡಿದು ಮನೆಮನೆಗೆ ಹೋದರು.

"ಏನು ಮಾಸ್ತರೇ, ವಿಶೇಷ?" ಎಂದ ಹಾಲಿನ ಅಂಗಡಿಯವನು, ದೂರದಿಂದಲೇ. ಗಾಡಿ ಜೊತೆಗಿಲ್ಲವೆಂದು ಖಾತ್ರಿಯಾದ ಮೇಲೆ ಹತ್ತಿರ ಬಂದ.

"ಮೊಮ್ಮಗಳು ಫೇಲು! ತಗೊಳ್ಳಿ, ತಗೊಳ್ಳಿ!"

"ಫೇಲಲ್ಲ ಅಪ್ಪಾ, ಆಯ್ಕೆ ಆಗಿದಾಳೆ ಅನ್ನು" ಎಂದು ಮಗಳು ಬಾಗಿಲಿಂದ ಕೂಗಿದಳು.

"ಹಾಂ, ಫೇಲಾಗಿ ಆಯ್ಕೆ ಆಗಿದಾಳೆ! ಎರಡು ತಗೊಳ್ಳಿ."

ಅಂಗಡಿಯವನು ಅರ್ಥವಾಗದಿದ್ದರೂ ಎರಡು ತೆಗೆದುಕೊಂಡ.

ಸೋಮವಾರ ಹೊಟ್ಟೆನೋವು ಬಂತು, ಆದರೆ ಹಳದಿ ಬಾಗಿಲಿನವರೆಗೆ ಮಾತ್ರ. ಮಂಗಳವಾರ ಮನೆಯ ಗೇಟಿನವರೆಗೆ. ಅದರಾಚೆ ಅದು ಎಲ್ಲಿ ಹೋಯಿತೋ, ದೋಣಿಯ ಜೊತೆ ಹೋಗಿರಬೇಕು. ಹುಡುಗಿಯ ಉಗುರಿನಲ್ಲಿ ಯಾವಾಗಲೂ ಮರಳು. ಊಟದ ತಟ್ಟೆಯಲ್ಲಿ, ಕನ್ನಡಿಯ ಮೇಲಿನ ಹಬೆಯಲ್ಲಿ, ತಾತನ ಬೆನ್ನಿನ ಮೇಲೆ, ಎಲ್ಲಿ ಬೇಕೆಂದರಲ್ಲಿ ಬೆರಳು ಎಳೆದು, "ಇವನು ಪ. ಇವನ ಹೊಟ್ಟೆ ಸೀಳಿದ್ರೆ ಷ" ಎನ್ನುವಳು. ತಾತನಿಗೆ ಕಚಗುಳಿಯಾಗುತ್ತಿತ್ತು. ತಡೆದುಕೊಂಡು ಕೂರುತ್ತಿದ್ದರು.

ಮೇಡಂ ಪಾಠವೂ ಮೊದಲಿಂದ ಶುರುವಾಯಿತು. ಮಾಸ್ತರು ಪಕ್ಕದ ಸೀಟಿನಲ್ಲಿ ಮಂಡಿ ಮಡಚಿ, ಕಾಲನ್ನು ಸೀಟಿನ ಮೇಲೇ ಇಟ್ಟುಕೊಂಡು ಕೂತರು. ತೀರ ಅಪಾಯವೆಂದರೆ ಮಾತ್ರ ಕೆಳಗಿಳಿಸುವುದು, ಇಳಿಸಿದರೆ "ಈಗ ಒತ್ತಿದ್ದು ನಾನು" ಎಂದು ಬಾಯಿಬಿಟ್ಟು ಹೇಳುವುದು, ಇದು ಒಪ್ಪಂದ. ಮೊದಲ ವಾರ ಆ ಮಾತು ಹೇಳಿ ಹೇಳಿ ಅವರ ಗಂಟಲು ಕಟ್ಟಿತು. ಗೋಡೆಗೆ ಸುಣ್ಣ ಬಂತು. ಹೊಸದಾಗಿ "ಇಲ್ಲಿ ಗಾಡಿ ಕಲಿಸುತ್ತೇವೆ" ಎಂದಷ್ಟೇ ಬರೆಸಿದರು.

ಮೇಡಂ ಮೂರನೆಯ ಸಲ ಪರೀಕ್ಷೆಗೆ ಹೋದಾಗ ಮಿಡತೆಗೆ ಶಾಲೆಗೆ ರಜೆ ಇತ್ತು, ಅವಳೂ ಬಂದಳು. ಇನ್‌ಸ್ಪೆಕ್ಟರು ತಮ್ಮ ಕುರ್ಚಿಯನ್ನು ದೂರದ ಗೋಡೆಯ ಹಿಂದಕ್ಕೆ ಹಾಕಿಸಿಕೊಂಡಿದ್ದರು. ಮಾಸ್ತರು ಗಾಡಿಯಿಂದಿಳಿದು ಬೆಂಚಿನ ಮೇಲೆ ಕೂತರು. ಒಳಗಿನಿಂದ ಬಂದ ಯಾರನ್ನೂ ಏನೂ ಕೇಳಲಿಲ್ಲ. ಗಾಡಿ ಹೊರಟಿತು, ತಿರುಗಿತು, ಎಂಟರ ಆಕಾರದಲ್ಲಿ ಸುತ್ತಿತು, ಗೆರೆಯ ಕಡೆಗೆ ಬರತೊಡಗಿತು. ಮಾಸ್ತರ ಕಾಲು ನೆಲವನ್ನು ಒತ್ತಿತು.

"ತಾತ, ಕಾಲು!" ಎಂದಳು ಮಿಡತೆ.

ಮಾಸ್ತರು ಕಾಲು ಎತ್ತಿದರು. ಅದು ಮತ್ತೆ ಇಳಿಯಿತು. ಮಿಡತೆ ಬೆಂಚಿನಿಂದ ಹಾರಿ ತಾತನ ಪಾದದ ಮೇಲೇ ಕೂತುಬಿಟ್ಟಳು. ಗಾಡಿ ಬರುತ್ತಿತ್ತು. ಗೆರೆಯ ಪಕ್ಕದಲ್ಲಿ ಹೊಸದಾಗಿ ನೆಟ್ಟ ಒಂದು ಬೋರ್ಡು, ಚಿತ್ರವಿಲ್ಲ, ಬರೀ ಅಕ್ಷರ. ಮಿಡತೆ ಅದನ್ನು ನೋಡಿದಳು. ಬೆರಳು ಗಾಳಿಯಲ್ಲಿ ಎದ್ದಿತು.

"ನಿ..." ಎಂದಳು.

ಮಾಸ್ತರ ಬಾಯಿ ತೆರೆಯಿತು. ಮುಚ್ಚಿಕೊಂಡರು.

"ದಾ... ಅಲ್ಲ, ತಡಿ, ಇವನ ಹೊಟ್ಟೆ ಕೆಳಗೆ ಬಾಲ ಇದೆ. ಧಾ."

ಗಾಡಿ ಗೆರೆಯ ಹತ್ತಿರ. ಮಾಸ್ತರು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಅಂಥ ಹಿಂಸೆಯನ್ನು ಅವರು ಜೀವಮಾನದಲ್ಲಿ ಪಟ್ಟಿರಲಿಲ್ಲ, ಅಂಥ ಸಂತೋಷವನ್ನೂ.

"ನ!" ಎಂದು ಕಿರುಚಿದಳು ಮಿಡತೆ. "ನಿಧಾನ! ತಾತ, ನಿಧಾನ ಅಂತ ಬರ್ದಿದಾರೆ!"

ಗಾಡಿ ಗೆರೆಯ ಮೇಲೆ ಬಂದು, ಒಮ್ಮೆ ತೂಗಿ, ತಾನಾಗಿ ನಿಂತಿತು. ಹೂವಿನ ಹಾಗೇನಲ್ಲ, ಸ್ವಲ್ಪ ಮುಗ್ಗರಿಸಿದ ಹಾಗೆ. ಆದರೂ ನಿಂತಿತು. ಮೇಡಂ ಕಿಟಕಿಯಿಂದ ತಲೆ ಹೊರಹಾಕಿ, "ಮಾಸ್ತರೇ, ಈಗ ಒತ್ತಿದ್ದು ನಾನು!" ಎಂದು ಕೂಗಿದರು.

ಮಾಸ್ತರು ಏಳಲು ಹೋದರು, ಆಗಲಿಲ್ಲ. ಮಿಡತೆ ಇನ್ನೂ ಪಾದದ ಮೇಲೇ ಕೂತು ಮುಂದಿನ ಬೋರ್ಡು ಹುಡುಕುತ್ತಿದ್ದಳು.